ಭೂಮಿಯನ್ನು ತೂಗುವ ಬಗೆ

ತೆಂಗಿನ ಮರದಿಂದ ಕಳಚಿದ ಕಾಯಿ ನೆಲಕ್ಕೆ ಬೀಳುತ್ತದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆ ಸೀತಾನದಿಯಾಗಿ ಇಳಿದು ಪಡುವಣ ಕಡಲನ್ನು ಸೇರುತ್ತದೆ. ಆ ಕಡಲಿನ ನೀರು ದಿನಕ್ಕೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ಈ ಮೂರು ಸಂಗತಿಗಳಿಗೂ ಕಾರಣ ಒಂದೇ ಎಂಬುದನ್ನು ಐಸಾಕ್ ನ್ಯೂಟನ್ನನು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಎಂಬ ತನ್ನ ಮಹಾಗ್ರಂಥದಲ್ಲಿ ತೋರಿಸಿಕೊಟ್ಟನು. ವಿಶ್ವದಲ್ಲಿರುವ ಪ್ರತಿಯೊಂದು ವಸ್ತುವೂ ಇತರ ಪ್ರತಿಯೊಂದು ವಸ್ತುವನ್ನೂ ತನ್ನೆಡೆಗೆ ಸೆಳೆಯುತ್ತದೆ. ಈ ಸೆಳೆತವು ಎರಡು ವಸ್ತುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ಅನುಪಾತದಲ್ಲಿಯೂ, ಅವುಗಳ ನಡುವಣ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಇದು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠವಾಗಿರುವ ನಿಯಮ.

ಆದರೆ ‘ಅನುಪಾತದಲ್ಲಿರುತ್ತದೆ’ ಎಂದು ಹೇಳಿದ ಮಾತ್ರಕ್ಕೆ ‘ಎಷ್ಟಿರುತ್ತದೆ’ ಎಂದು ಹೇಳಿದಂತಾಗಲಿಲ್ಲ. ಒಂದು ಕಿಲೋಗ್ರಾಮಿನ ಎರಡು ಗುಂಡುಗಳನ್ನು ಒಂದು ಮೀಟರು ದೂರದಲ್ಲಿಟ್ಟರೆ ಅವು ಪರಸ್ಪರ ಎಷ್ಟು ಬಲದಿಂದ ಸೆಳೆದುಕೊಳ್ಳುತ್ತವೆ? ಈ ಪ್ರಶ್ನೆಗೆ ಉತ್ತರವಾದ ಸಂಖ್ಯೆಯೇ ಗುರುತ್ವ ಸ್ಥಿರಾಂಕ. ವಿಜ್ಞಾನಿಗಳು ಇದನ್ನು ‘ದೊಡ್ಡ ಜಿ’ ಎಂದು ಕರೆಯುವುದುಂಟು. ನಿಯಮವನ್ನು ಕೊಟ್ಟ ನ್ಯೂಟನ್ನನಿಗೆ ಈ ಸಂಖ್ಯೆ ತಿಳಿದಿರಲಿಲ್ಲ. ಅವನ ಗ್ರಂಥ ಹೊರಬಂದು ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಅದು ಮನುಷ್ಯನ ಕೈಗೆ ಸಿಕ್ಕಿತು. ಇಂದಿಗೂ ಅದು ಪೂರ್ತಿಯಾಗಿ ಸಿಕ್ಕಿಲ್ಲ.

ಒಂದು ಅಕ್ಕಿಕಾಳಿನ ಸಾವಿರದ ಒಂದು ಪಾಲು

ಈ ಸಂಖ್ಯೆಯನ್ನು ಹಿಡಿಯುವುದು ಏಕೆ ಕಷ್ಟ? ಕೊಕ್ಕರ್ಣೆಯ ಪೇಟೆಯ ಒಂದು ಅಂಗಡಿಯಲ್ಲಿ 50 ಕಿಲೋಗ್ರಾಮ್ ತೂಕದ ಎರಡು ಅಕ್ಕಿಮೂಟೆಗಳು ಒಂದು ಮೀಟರು ಅಂತರದಲ್ಲಿವೆ ಎಂದು ಭಾವಿಸೋಣ. ಅವುಗಳ ನಡುವೆ ಸೆಳೆತವಿರುವುದು ನಿಶ್ಚಯ. ಲೆಕ್ಕ ಹಾಕಿದರೆ ಆ ಬಲವು ಒಂದು ಗ್ರಾಮಿನ ಹತ್ತು ಲಕ್ಷದ 17 ಪಾಲಿನಷ್ಟು ತೂಕಕ್ಕೆ ಸಮನಾಗುತ್ತದೆ. ಮೂಟೆಯೊಳಗಿನ ಒಂದೇ ಒಂದು ಅಕ್ಕಿಕಾಳನ್ನು ತೆಗೆದು ಅದನ್ನು ಸಾವಿರ ಚೂರು ಮಾಡಿದರೆ, ಅಂಥ ಒಂದು ಚೂರಿನ ತೂಕ ಹೆಚ್ಚುಕಡಮೆ ಅಷ್ಟು! ನೆಲದ ಘರ್ಷಣೆಯಾಗಲಿ ಬಾಗಿಲಿನಿಂದ ಬರುವ ಗಾಳಿಯಾಗಲಿ ಇದಕ್ಕಿಂತ ಸಾವಿರಾರು ಪಟ್ಟು ಬಲಶಾಲಿಗಳು. ಆದುದರಿಂದ ಮೂಟೆಗಳು ಇದ್ದಲ್ಲಿಯೇ ಇರುತ್ತವೆ.

ಹಾಗಾದರೆ ತೆಂಗಿನಕಾಯಿಯನ್ನು ಭೂಮಿಯು ಅಷ್ಟು ಜೋರಾಗಿ ಸೆಳೆಯುವುದು ಹೇಗೆ? ಭೂಮಿಯ ದ್ರವ್ಯರಾಶಿ ಅಪಾರವಾಗಿರುವುದರಿಂದ. ಗುರುತ್ವವು ನಮಗೆ ಪ್ರಬಲವಾಗಿ ಕಾಣುವುದು ಅದನ್ನುಂಟುಮಾಡುವ ವಸ್ತು ದೊಡ್ಡದಾಗಿರುವಾಗ ಮಾತ್ರ.

ಭೂಮಿಯ ಸೆಳೆತದಿಂದ ವಸ್ತುಗಳಿಗೆ ಒದಗುವ ವೇಗೋತ್ಕರ್ಷವನ್ನು ‘ಚಿಕ್ಕ ಜಿ’ ಎನ್ನುತ್ತೇವೆ. ಇದನ್ನು ಕಂಡುಹಿಡಿಯಲು ಒಂದು ದಾರ, ಒಂದು ಗುಂಡು, ಒಂದು ಗಡಿಯಾರ ಸಾಕು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಲೋಲಕವನ್ನು ತೂಗಾಡಿಸಿ ಅದರ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 9.8 ಮೀಟರು ಎಂದು ತೋರಿಸಬಲ್ಲನು. ಇದರಿಂದ ದೊಡ್ಡ ಜಿಯನ್ನು ಪಡೆಯಬಾರದೇಕೆ? ನ್ಯೂಟನ್ನನ ಸೂತ್ರದಂತೆ ಚಿಕ್ಕ ಜಿಯ ಬೆಲೆಯು ಮೂರು ಸಂಗತಿಗಳನ್ನು ಅವಲಂಬಿಸಿದೆ: ಭೂಮಿಯ ತ್ರಿಜ್ಯ, ಭೂಮಿಯ ದ್ರವ್ಯರಾಶಿ ಮತ್ತು ಗುರುತ್ವ ಸ್ಥಿರಾಂಕ. ತ್ರಿಜ್ಯವನ್ನು ಭೂಮಾಪಕರು ಅಳೆದಿದ್ದರು. ಉಳಿದೆರಡೂ ಅಜ್ಞಾತ. ಒಂದೇ ಸಮೀಕರಣದಲ್ಲಿ ಎರಡು ಅಜ್ಞಾತಗಳು ಕುಳಿತಿದ್ದರೆ ಗಣಿತವು ಕೈಚೆಲ್ಲುತ್ತದೆ. ಎರಡರಲ್ಲಿ ಒಂದು ತಿಳಿದರೆ ಮತ್ತೊಂದು ತಾನಾಗಿ ತಿಳಿಯುತ್ತದೆ. ಆದುದರಿಂದಲೇ ಗುರುತ್ವ ಸ್ಥಿರಾಂಕವನ್ನು ಅಳೆಯುವುದೂ ಭೂಮಿಯನ್ನು ತೂಗುವುದೂ ಒಂದೇ ಕೆಲಸದ ಎರಡು ಹೆಸರುಗಳು.

ಬೆಟ್ಟದ ಸಾಕ್ಷ್ಯ

ಭೂಮಿಯ ದ್ರವ್ಯರಾಶಿ ತಿಳಿಯದಿದ್ದರೆ ಹೋಗಲಿ, ತಿಳಿದ ದ್ರವ್ಯರಾಶಿಯುಳ್ಳ ಬೇರೊಂದು ದೊಡ್ಡ ವಸ್ತುವಿನ ಸೆಳೆತವನ್ನು ಅಳೆಯಬಹುದಲ್ಲವೇ? ಮೊದಲು ಎಲ್ಲರ ಕಣ್ಣಿಗೆ ಬಿದ್ದುದು ಬೆಟ್ಟ. ಗೋಡೆ ನೇರವಾಗಿದೆಯೇ ಎಂದು ನೋಡಲು ಗಾರೆಕೆಲಸದವರು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಡುವುದನ್ನು ನೀವು ಕಂಡಿದ್ದೀರಿ. ಆ ದಾರವು ಭೂಮಿಯ ಕೇಂದ್ರದತ್ತ ಮುಖಮಾಡಿದೆ ಎಂದು ನಾವು ನಂಬುತ್ತೇವೆ. ಆದರೆ ಕೊಕ್ಕರ್ಣೆಯಲ್ಲಿ ಇಳಿಬಿಟ್ಟ ಗುಂಡನ್ನು ಪೂರ್ವದಿಕ್ಕಿನಲ್ಲಿರುವ ಘಟ್ಟಗಳ ಸಾಲು ಕೂಡ ತನ್ನ ಕಡೆಗೆ ಎಳೆಯುತ್ತಿರುತ್ತದೆ. ಯಾವ ಗಾರೆಯವನಿಗೂ ಕಾಣದಷ್ಟು ಅಲ್ಪವಾದ ಎಳೆತ ಅದು. ನಕ್ಷತ್ರಗಳ ಸ್ಥಾನದೊಡನೆ ಹೋಲಿಸಿ ನೋಡುವ ಖಗೋಳಜ್ಞನಿಗೆ ಮಾತ್ರ ಅಂಥ ಓಲುವಿಕೆ ತಿಳಿಯಬಲ್ಲದು.

ಈ ಉಪಾಯವನ್ನು ಇಂಗ್ಲೆಂಡಿನ ರಾಜಖಗೋಳಜ್ಞನಾದ ನೆವಿಲ್ ಮ್ಯಾಸ್ಕಲೀನನು 1774ರಲ್ಲಿ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಎಂಬ ಒಂಟಿ ಬೆಟ್ಟದ ಬಳಿ ಕೈಗೊಂಡನು. ಬೆಟ್ಟದ ಉತ್ತರಕ್ಕೂ ದಕ್ಷಿಣಕ್ಕೂ ಗುಂಡುಗಳನ್ನು ಇಳಿಬಿಟ್ಟು ನೋಡಿದಾಗ ಎರಡೂ ಕಡೆಯ ಓಲುವಿಕೆಗಳು ಸೇರಿ ಸುಮಾರು 12 ವಿಕಲೆಗಳಾದವು. ಒಂದು ವಿಕಲೆಯೆಂದರೆ ಒಂದು ಡಿಗ್ರಿಯ 3600ರ ಒಂದು ಪಾಲು. ಚಾರ್ಲ್ಸ್ ಹಟನ್ನನು ಬೆಟ್ಟದ ಆಕಾರವನ್ನು ಅಳತೆಗಳಿಂದ ಗೊತ್ತುಮಾಡಿ, ಬಹುಕಾಲ ಲೆಕ್ಕಹಾಕಿ, ಭೂಮಿಯ ಸರಾಸರಿ ಸಾಂದ್ರತೆಯು ನೀರಿನದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಎಂದು 1778ರಲ್ಲಿ ತೀರ್ಮಾನಿಸಿದನು. ಸರಿಯಾದ ಉತ್ತರ ಐದೂವರೆ ಪಟ್ಟು. ಆ ಕಾಲಕ್ಕೆ ಇದು ಒಳ್ಳೆಯ ಫಲವೇ.

ಆದರೆ ಬೆಟ್ಟವು ಪೂರ್ತಿ ನಂಬಬಹುದಾದ ಸಾಕ್ಷಿಯಲ್ಲ. ಅದರ ಹೊಟ್ಟೆಯೊಳಗೆ ಏನಿದೆ, ಅದರ ಬುಡದ ಕೆಳಗೆ ಏನಿದೆ ಎಂಬುದು ಹೊರಗಿನಿಂದ ಕಾಣದು. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧವಾದ ನಿದರ್ಶನ ದೊರೆಯಿತು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ, ಹಿಮಾಲಯಕ್ಕೆ ಸಮೀಪದ ಕಲಿಯಾನಾ ಮತ್ತು ದಕ್ಷಿಣಕ್ಕಿರುವ ಕಲಿಯಾನ್‌ಪುರ ಎಂಬ ಎರಡು ಠಾಣೆಗಳ ನಡುವಣ ಅಕ್ಷಾಂಶ ವ್ಯತ್ಯಾಸವನ್ನು ನೆಲದ ಅಳತೆಯಿಂದಲೂ ನಕ್ಷತ್ರಗಳಿಂದಲೂ ಕಂಡುಹಿಡಿದಾಗ ಎರಡು ಉತ್ತರಗಳಲ್ಲಿ 5.2 ವಿಕಲೆಗಳ ಭೇದ ಕಂಡಿತು. ಹಿಮಾಲಯವು ಗುಂಡನ್ನು ಎಳೆದುದೇ ಇದಕ್ಕೆ ಕಾರಣವಿರಬೇಕೆಂದು ಕಲಕತ್ತೆಯಲ್ಲಿದ್ದ ಪಾದ್ರಿ ಜಾನ್ ಹೆನ್ರಿ ಪ್ರ್ಯಾಟನು 1855ರಲ್ಲಿ ಲೆಕ್ಕಹಾಕಿ ನೋಡಿದರೆ, ಅಷ್ಟು ದೊಡ್ಡ ಪರ್ವತರಾಶಿಯಿಂದ ಸುಮಾರು 15.9 ವಿಕಲೆಗಳ ಭೇದ ಬರಬೇಕಾಗಿತ್ತು! ಹಿಮಾಲಯವು ತನ್ನ ಗಾತ್ರಕ್ಕೆ ತಕ್ಕಷ್ಟು ಎಳೆಯುತ್ತಿರಲಿಲ್ಲ. ಪರ್ವತಗಳ ಕೆಳಗೆ ಹಗುರವಾದ ಶಿಲೆಯು ಬೇರಿನಂತೆ ಆಳಕ್ಕೆ ಇಳಿದಿದೆ ಎಂಬ ವಿವರಣೆಯನ್ನು ಜಾರ್ಜ್ ಏರಿಯು ಅದೇ ವರ್ಷ ಕೊಟ್ಟನು. ಭೂವಿಜ್ಞಾನಕ್ಕೆ ಇದರಿಂದ ಮಹತ್ತಾದ ಲಾಭವಾಯಿತು. ಭೂಮಿಯನ್ನು ತೂಗಬೇಕೆನ್ನುವವರಿಗೆ ಮಾತ್ರ, ಕಲ್ಲನ್ನು ತೂಕದ ಬಟ್ಟಾಗಿ ಬಳಸುವ ಮೊದಲು ಆ ಕಲ್ಲನ್ನೇ ತೂಗಿರಬೇಕು ಎಂಬ ಪಾಠ ದೊರೆಯಿತು.

ಕ್ಯಾವೆಂಡಿಷನ ತಿರುಚು ತಕ್ಕಡಿ

ಹೀಗೆ ತೂಗಿ ತಿಳಿದ ವಸ್ತುವನ್ನೇ ಬಳಸುವ ಮಾರ್ಗವನ್ನು ಅದಾಗಲೇ ಒಬ್ಬನು ಯೋಚಿಸಿದ್ದನು. ಜಾನ್ ಮಿಚೆಲ್ ಎಂಬ ಇಂಗ್ಲಿಷ್ ಪಾದ್ರಿಯು ಇದಕ್ಕಾಗಿ ಒಂದು ಉಪಕರಣವನ್ನು ಕಟ್ಟಿದನು. ಆದರೆ ಪ್ರಯೋಗ ನಡೆಸುವ ಮುನ್ನವೇ 1793ರಲ್ಲಿ ತೀರಿಕೊಂಡನು. ಉಪಕರಣವು ಕೈಬದಲಾಗಿ ಕೊನೆಗೆ ಹೆನ್ರಿ ಕ್ಯಾವೆಂಡಿಷನನ್ನು ಸೇರಿತು. ಜಲಜನಕದ ಗುಣಗಳನ್ನು ನಿರೂಪಿಸಿ ಅದಾಗಲೇ ಪ್ರಸಿದ್ಧನಾಗಿದ್ದ ಈತನು ಅದರ ಬಹುಭಾಗವನ್ನು ಹೊಸದಾಗಿ ಕಟ್ಟಿ, 1797–98ರಲ್ಲಿ, ತನ್ನ 66ನೆಯ ವಯಸ್ಸಿನಲ್ಲಿ, ಲಂಡನ್ನಿನ ಕ್ಲಾಪಮ್ಮಿನಲ್ಲಿದ್ದ ಮನೆಯ ಆವರಣದಲ್ಲಿ ಪ್ರಯೋಗಕ್ಕೆ ತೊಡಗಿದನು.

ಉಪಕರಣದ ತತ್ತ್ವ ಬಹು ಸರಳ. ಸುಮಾರು 1.8 ಮೀಟರು ಉದ್ದದ ಒಂದು ಮರದ ಕೋಲು. ಅದರ ಎರಡು ತುದಿಗಳಿಗೂ ಸುಮಾರು 0.73 ಕಿಲೋಗ್ರಾಮಿನ ಒಂದೊಂದು ಸೀಸದ ಗುಂಡು. ಕೋಲಿನ ನಡುವನ್ನು ಒಂದು ಸಣ್ಣ ತಂತಿಗೆ ಕಟ್ಟಿ ತೂಗುಬಿಟ್ಟಿದೆ. ಗುಂಡುಗಳ ಭಾರವನ್ನೆಲ್ಲ ತಂತಿಯು ಹೊತ್ತುಕೊಳ್ಳುವುದರಿಂದ, ಕೋಲು ಅಡ್ಡಲಾಗಿ ಎಡಕ್ಕೋ ಬಲಕ್ಕೋ ತಿರುಗುವುದಕ್ಕೆ ಭೂಮಿಯ ಸೆಳೆತವು ಅಡ್ಡಬರುವುದಿಲ್ಲ. ತಂತಿಯ ತಿರುಚನ್ನು ಎದುರಿಸುವ ಅಲ್ಪ ಬಲವೊಂದೇ ಅಲ್ಲಿ ಉಳಿಯುತ್ತದೆ. ಭೂಮಿಯ ಮಹಾಸೆಳೆತವನ್ನು ಹೀಗೆ ಬದಿಗಿರಿಸಿದುದರಲ್ಲಿಯೇ ಈ ತಕ್ಕಡಿಯ ಜಾಣ್ಮೆಯಿದೆ. ಈಗ ಸುಮಾರು 158 ಕಿಲೋಗ್ರಾಮಿನ ಎರಡು ದೊಡ್ಡ ಸೀಸದ ಗೋಲಗಳನ್ನು ಒಂದೊಂದು ಗುಂಡಿನ ಪಕ್ಕಕ್ಕೆ ತಂದರೆ, ಗುಂಡುಗಳು ಅವುಗಳೆಡೆಗೆ ಸೆಳೆಯಲ್ಪಟ್ಟು ಕೋಲು ತುಸು ತಿರುಗುತ್ತದೆ. ಗೋಲಗಳನ್ನು ಎದುರು ಪಕ್ಕಕ್ಕೆ ಸರಿಸಿದರೆ ಕೋಲು ಹಿಂದಿರುಗಿ ಆಚೆಗೆ ತಿರುಗುತ್ತದೆ.

ಸೆಳೆತದ ಬಲವೆಷ್ಟು? ನಮ್ಮ ಅಕ್ಕಿಮೂಟೆಗಳ ನಡುವೆ ಇದ್ದಷ್ಟೇ: ಒಂದು ಅಕ್ಕಿಕಾಳಿನ ಸಾವಿರದ ಒಂದು ಪಾಲಿನ ತೂಕ. ಚಿಕ್ಕ ಗುಂಡಿನ ಸ್ವಂತ ತೂಕಕ್ಕೆ ಹೋಲಿಸಿದರೆ ಸುಮಾರು ಐದು ಕೋಟಿಯಲ್ಲಿ ಒಂದು ಪಾಲು. ಕೋಲಿನ ತುದಿ ಸರಿದುದು ಕೆಲವೇ ಮಿಲಿಮೀಟರು. ಕೋಣೆಯ ಒಂದು ಬದಿ ಇನ್ನೊಂದಕ್ಕಿಂತ ಸ್ವಲ್ಪ ಬೆಚ್ಚಗಿದ್ದರೂ ಎದ್ದ ಗಾಳಿಯ ಸುಳಿಯು ಈ ಚಲನೆಯನ್ನು ನುಂಗಿಹಾಕುತ್ತಿತ್ತು. ಆದುದರಿಂದ ಕ್ಯಾವೆಂಡಿಷನು ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು, ತಾನು ಹೊರಗೆ ನಿಂತು, ಗೋಡೆಯಲ್ಲಿ ಕೊರೆದ ರಂಧ್ರಗಳಲ್ಲಿ ದೂರದರ್ಶಕವನ್ನಿರಿಸಿ ನೋಡುತ್ತಿದ್ದನು. ದೊಡ್ಡ ಗೋಲಗಳನ್ನೂ ಹೊರಗಿನಿಂದಲೇ ರಾಟೆಯ ಮೂಲಕ ಸರಿಸುತ್ತಿದ್ದನು. ತಂತಿಯ ತಿರುಚುಬಲವನ್ನು ತಿಳಿಯಲು ಕೋಲು ಮೆಲ್ಲಗೆ ಅತ್ತಿತ್ತ ತೂಗುವ ಅವಧಿಯನ್ನು ಅಳೆದನು. ಒಂದು ತಂತಿಯಲ್ಲಿ ಅದು ಸುಮಾರು ಏಳು ನಿಮಿಷಗಳಷ್ಟಿತ್ತು. ಅವಧಿ ದೀರ್ಘವಾದಷ್ಟೂ ತಂತಿ ಮೆತ್ತಗೆ, ತಕ್ಕಡಿ ಸೂಕ್ಷ್ಮ.

ಕ್ಯಾವೆಂಡಿಷನು ಪ್ರಕಟಿಸಿದ ಉತ್ತರ: ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು. ಇಂದಿನ ಬೆಲೆ 5.51. ಆತನ ಉತ್ತರ ನೂರರಲ್ಲಿ ಒಂದು ಪಾಲಿನಷ್ಟೂ ತಪ್ಪಿರಲಿಲ್ಲ. ಗುರುತ್ವ ಸ್ಥಿರಾಂಕ ಎಂಬ ಮಾತನ್ನು ಆತನು ಬಳಸಲಿಲ್ಲ. ಆ ರೂಪದಲ್ಲಿ ಬರೆಯುವ ರೂಢಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದಿತು. ಆದರೆ ಆತನ ಅಳತೆಯೊಳಗೆ ಸ್ಥಿರಾಂಕವು ಅಡಗಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮ ನೆಲದ ಮೇಲೆ ಕಾಣುವ ಕಗ್ಗಲ್ಲಿನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು ಮಾತ್ರ. ಭೂಮಿಯ ಸರಾಸರಿ ಅದರ ಎರಡರಷ್ಟಾದರೆ ಒಳಗೆ ಕಲ್ಲಿಗಿಂತ ಬಹಳ ಭಾರವಾದ ಪದಾರ್ಥವಿರಲೇಬೇಕು. ಭೂಗರ್ಭದಲ್ಲಿ ಕಬ್ಬಿಣದ ತಿರುಳಿದೆ ಎಂಬ ತಿಳಿವಿಗೆ ಈ ಸೀಸದ ಗುಂಡುಗಳು ದಾರಿತೋರಿದವು.

1895ರ ಹೊತ್ತಿಗೆ ಚಾರ್ಲ್ಸ್ ವರ್ನನ್ ಬಾಯ್ಸ್ ಎಂಬವನು ಲೋಹದ ತಂತಿಗೆ ಬದಲಾಗಿ ಕೂದಲಿಗಿಂತಲೂ ನವಿರಾದ ಸ್ಫಟಿಕದ ಎಳೆಯನ್ನು ಬಳಸಿ ಈ ಅಳತೆಯನ್ನು ಇನ್ನಷ್ಟು ಶುದ್ಧಗೊಳಿಸಿದನು. ಎಳೆಯನ್ನು ಪಡೆಯಲು ಆತನು ಕರಗಿದ ಸ್ಫಟಿಕವನ್ನು ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆಯುತ್ತಿದ್ದನು. ಬಾಣ ಹಾರಿದ ದಾರಿಯುದ್ದಕ್ಕೂ ಎಳೆ ಹಿಗ್ಗಿ ನಿಲ್ಲುತ್ತಿತ್ತು.

ಗೌರಿಬಿದನೂರಿನ ನೆಲಮಾಳಿಗೆ

ಇಲ್ಲಿಯವರೆಗೆ ಎಲ್ಲರೂ ಒಂದು ಮಾತನ್ನು ಒಪ್ಪಿಕೊಂಡೇ ಬಂದರು: ಸೀಸವಾಗಲಿ ತಾಮ್ರವಾಗಲಿ ಮರವಾಗಲಿ, ಗುರುತ್ವ ಸ್ಥಿರಾಂಕ ಒಂದೇ. ಅದು ಒಂದೇ ಅಲ್ಲದಿದ್ದರೆ? 1986ರಲ್ಲಿ ಅಮೆರಿಕದ ಎಫ್ರಾಯಿಮ್ ಫಿಶ್‌ಬಾಕ್ ಮತ್ತು ಅವರ ಸಂಗಡಿಗರು, ಹಂಗೆರಿಯ ಅಟ್ವಶ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ್ದ ಅಳತೆಗಳನ್ನು ಮರಳಿ ಪರಿಶೀಲಿಸಿ, ವಸ್ತುವಿನಿಂದ ವಸ್ತುವಿಗೆ ಬದಲಾಗುವ ಒಂದು ಹೊಸ ಬಲದ ಸುಳಿವು ಅಲ್ಲಿದೆ ಎಂದು ಸೂಚಿಸಿದರು. ಗುರುತ್ವ, ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗಿನ ಎರಡು ಬಲಗಳು, ಈ ನಾಲ್ಕರ ಜೊತೆಗೆ ಇದು ಐದನೆಯದು. ಇದರ ವ್ಯಾಪ್ತಿ ಕೆಲವು ನೂರು ಮೀಟರು, ಶಕ್ತಿ ಗುರುತ್ವದ ನೂರರಲ್ಲಿ ಸುಮಾರು ಒಂದು ಪಾಲು ಎಂದು ಅವರು ಎಣಿಸಿದರು. ಇದು ನಿಜವಾಗಿದ್ದರೆ, ಕೋಣೆಯೊಳಗೆ ಸೀಸದ ಗುಂಡುಗಳಿಂದ ಪಡೆದ ಸ್ಥಿರಾಂಕವನ್ನು ಸೂರ್ಯ ಚಂದ್ರರಿಗೆ ಹಾಗೆಯೇ ಅನ್ವಯಿಸುವಂತಿರಲಿಲ್ಲ. ನ್ಯೂಟನ್ನನ ಕಾಲದಿಂದ ನಿಂತಿದ್ದ ಅಡಿಗಲ್ಲೇ ಪ್ರಶ್ನೆಗೆ ಒಳಗಾಯಿತು.

ಈ ಪ್ರಶ್ನೆಗೆ ಉತ್ತರ ಹುಡುಕಿದ ತಕ್ಕಡಿಗಳಲ್ಲಿ ಒಂದು ಕನ್ನಡ ನಾಡಿನಲ್ಲಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ಬೆಂಗಳೂರಿನ ಉತ್ತರಕ್ಕೆ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಭೂಮಿಯ ಅಡಿಯಲ್ಲಿ ಸುಮಾರು 25 ಮೀಟರು ಆಳದಲ್ಲಿ ಒಂದು ಪ್ರಯೋಗಶಾಲೆಯನ್ನು ಕಟ್ಟಿದರು. ಇದರ ನೇತೃತ್ವ ವಹಿಸಿದ್ದ ರಮಾನಾಥ ಕೌಶಿಕ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಎನ್. ಕೃಷ್ಣನ್, ಎಸ್. ಎನ್. ಟಂಡನ್ ಮತ್ತು ಸಿ. ಎಸ್. ಉಣ್ಣಿಕೃಷ್ಣನ್ ಅವರು ಸಹೋದ್ಯೋಗಿಗಳಾಗಿದ್ದರು.

ಗೌರಿಬಿದನೂರೇ ಏಕೆ? ಅಲ್ಲಿಯ ನೆಲದ ನಿಶ್ಶಬ್ದಕ್ಕಾಗಿ. 1960ರ ದಶಕದಲ್ಲಿಯೇ ಪರಮಾಣು ಶಕ್ತಿ ಇಲಾಖೆಯು ದೂರದ ಭೂಕಂಪಗಳನ್ನೂ ಭೂಗತ ಸ್ಫೋಟಗಳನ್ನೂ ಗುರುತಿಸುವ ಕಂಪನಮಾಪಕಗಳ ಸಾಲನ್ನು ಆ ಪ್ರದೇಶದಲ್ಲಿ ಸ್ಥಾಪಿಸಿತ್ತು. ಲಾರಿ, ರೈಲು, ಕಾರ್ಖಾನೆಗಳ ಅದಿರಾಟ ಕಡಮೆಯಿರುವಲ್ಲಿ ಮಾತ್ರ ಅಂಥ ಉಪಕರಣಗಳು ಕೆಲಸಮಾಡಬಲ್ಲವು. ತಿರುಚು ತಕ್ಕಡಿಗೂ ಬೇಕಾದುದು ಅದೇ. ಇದರ ಮೇಲೆ 25 ಮೀಟರು ಮಣ್ಣು ಕಲ್ಲಿನ ಹೊದಿಕೆ. ಹಗಲಿನ ಬಿಸಿಲು, ಇರುಳಿನ ತಂಪು ನೆಲದೊಳಗೆ ಒಂದು ಮೀಟರು ಇಳಿಯುವಷ್ಟರಲ್ಲಿಯೇ ಬಹುಪಾಲು ಅಳಿಸಿಹೋಗುತ್ತವೆ. ಅಷ್ಟು ಆಳದಲ್ಲಿ ಬೇಸಗೆ ಚಳಿಗಾಲಗಳ ಭೇದವೂ ತಿಳಿಯುವುದಿಲ್ಲ. ಕ್ಯಾವೆಂಡಿಷನು ಬಾಗಿಲು ಮುಚ್ಚಿ ಪಡೆಯಲೆತ್ನಿಸಿದ ಶಾಂತಿಯನ್ನು ಇವರು ಭೂಮಿಯಿಂದಲೇ ಎರವಲು ಪಡೆದರು.

ಈ ಪ್ರಯೋಗವು ಸ್ಥಿರಾಂಕದ ಬೆಲೆಯನ್ನು ಅಳೆಯುವುದಕ್ಕಾಗಿ ನಡೆದುದಲ್ಲ. ಅದು ಎಲ್ಲ ವಸ್ತುಗಳಿಗೂ ಒಂದೇ ಹೌದೇ ಎಂದು ಪರೀಕ್ಷಿಸುವುದಕ್ಕಾಗಿ ನಡೆದುದು. ಇಂಥ ತಕ್ಕಡಿಯ ಎರಡು ಬದಿಗಳಲ್ಲಿ ಎರಡು ಬೇರೆ ವಸ್ತುಗಳಿರುತ್ತವೆ. ತಾಮ್ರ ಮತ್ತು ಸೀಸಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನುಗಳಿದ್ದರೆ ನ್ಯೂಟ್ರಾನುಗಳು 34 ಅಥವಾ 36. ಸೀಸದಲ್ಲಿ 82 ಪ್ರೋಟಾನುಗಳು. ನ್ಯೂಟ್ರಾನುಗಳು ಸುಮಾರು 125. ಸೀಸದಲ್ಲಿ ನ್ಯೂಟ್ರಾನುಗಳ ಪಾಲು ಹೆಚ್ಚು. ಹೊಸ ಬಲವು ನ್ಯೂಟ್ರಾನು ಪ್ರೋಟಾನುಗಳ ಸಂಖ್ಯೆಯ ಅಂತರವನ್ನು ಅವಲಂಬಿಸಿದ್ದರೆ, ಪಕ್ಕದಲ್ಲಿಟ್ಟ ಭಾರವಾದ ಲೋಹರಾಶಿಯು ಎರಡು ಬದಿಗಳನ್ನೂ ಸಮನಾಗಿ ಸೆಳೆಯಲಾರದು. ರಾಶಿಯ ಸ್ಥಾನ ಬದಲಿಸಿದಂತೆಲ್ಲ ತಕ್ಕಡಿಯು ಅದಕ್ಕೆ ತಾಳ ಹಾಕಿದಂತೆ ತಿರುಚಿಕೊಳ್ಳಬೇಕು. ಗೌರಿಬಿದನೂರಿನ ವಿಜ್ಞಾನಿಗಳು ತಮ್ಮ ಫಲಿತಾಂಶಗಳನ್ನು 1988 ಮತ್ತು 1990ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಥ ಬಲ ಅವರಿಗೆ ಕಾಣಲಿಲ್ಲ. ಇತರ ದೇಶಗಳ ಪ್ರಯೋಗಗಳೂ ಕ್ರಮೇಣ ಅದೇ ತೀರ್ಪಿನಲ್ಲಿ ಸೇರಿದವು.

ಏನೂ ಕಾಣದ ಪ್ರಯೋಗವು ವ್ಯರ್ಥವೆಂದು ವಿದ್ಯಾರ್ಥಿಗಳು ಎಣಿಸಬಾರದು. ಬಾವಿಯಲ್ಲಿ ಪಾತ್ರೆ ಇಲ್ಲವೆಂದು ಹೇಳಬೇಕಾದವನು ತಳದವರೆಗೆ ಮುಳುಗಿ ತಡಕಿರಬೇಕು. ಹಾಗೆ ತಡಕಿ ಬಂದು ‘ಇಲ್ಲ’ ಎಂದವರ ಮಾತಿನಿಂದಲೇ ನಾವು ಇಂದು ಒಂದೇ ಸ್ಥಿರಾಂಕವನ್ನು ಸೀಸಕ್ಕೂ ಸೂರ್ಯನಿಗೂ ಧೈರ್ಯದಿಂದ ಬಳಸುತ್ತಿದ್ದೇವೆ.

ಒಪ್ಪದ ಅಂಕಿಗಳು

ಸ್ಥಿರಾಂಕದ ಇಂದಿನ ಅಂಗೀಕೃತ ಬೆಲೆ 6.6743 × 10⁻¹¹. ಒಂದು ಮೀಟರು ದೂರದಲ್ಲಿರುವ ಒಂದೊಂದು ಕಿಲೋಗ್ರಾಮಿನ ಎರಡು ಗುಂಡುಗಳ ನಡುವಣ ಸೆಳೆತವು ಇಷ್ಟು ನ್ಯೂಟನ್ ಎಂದು ಇದರ ಅರ್ಥ. ಇದರಲ್ಲಿ ಹತ್ತು ಲಕ್ಷಕ್ಕೆ 22 ಪಾಲಿನಷ್ಟು ಅನಿಶ್ಚಯವಿದೆ. ಇದು ಅಲ್ಪವೆಂದು ತೋರಬಹುದು. ಆದರೆ ಪ್ರಕೃತಿಯ ಇತರ ಮೂಲ ಸ್ಥಿರಾಂಕಗಳಲ್ಲಿ ಹಲವು ಇದಕ್ಕಿಂತ ಸಾವಿರಾರು ಪಟ್ಟು ನಿಖರವಾಗಿ ತಿಳಿದಿವೆ.

ಅದಕ್ಕಿಂತ ವಿಚಿತ್ರವಾದುದು ಅಳೆದವರ ಭಿನ್ನಾಭಿಪ್ರಾಯ. 1995ರ ಸುಮಾರಿಗೆ ಜರ್ಮನಿಯ ರಾಷ್ಟ್ರೀಯ ಮಾನಕ ಸಂಸ್ಥೆಯು ಪಡೆದ ಬೆಲೆ ಇತರರದಕ್ಕಿಂತ ಸಾವಿರಕ್ಕೆ ಆರು ಪಾಲು ಹೆಚ್ಚಾಗಿತ್ತು. ಇದರಿಂದ 1998ರಲ್ಲಿ ಅಂಗೀಕೃತ ಬೆಲೆಯ ಅನಿಶ್ಚಯವನ್ನು ಮೊದಲಿಗಿಂತ ಹೆಚ್ಚಿಸಬೇಕಾಯಿತು. ವಿಜ್ಞಾನ ಮುಂದುವರಿದಂತೆ ತಿಳಿವಳಿಕೆಯು ಕಡಮೆಯಾದ ಅಪೂರ್ವ ಸಂದರ್ಭವಿದು. ಆ ಉಪಕರಣದ ದೋಷ ಬಳಿಕ ತಿಳಿದುಬಂದಿತು. 1995ರಲ್ಲಿಯೇ ಜಪಾನಿನ ಕುರೋಡಾ ಅವರು, ತಿರುಚಿದ ಎಳೆಯು ನಾವು ಎಣಿಸಿದಷ್ಟು ಶುದ್ಧವಾದ ಸ್ಥಿತಿಸ್ಥಾಪಕ ಗುಣವುಳ್ಳದ್ದಲ್ಲವೆಂದೂ, ಅದರಿಂದ ಅವಧಿಯನ್ನಳೆಯುವ ವಿಧಾನದಲ್ಲಿ ಸಣ್ಣ ತಪ್ಪು ನುಸುಳುವುದೆಂದೂ ತೋರಿಸಿದರು. 2018ರಲ್ಲಿ ಚೀನದ ವೂಹಾನಿನ ವಿಜ್ಞಾನಿಗಳು ಎರಡು ಬೇರೆ ವಿಧಾನಗಳಿಂದ, ಹತ್ತು ಲಕ್ಷಕ್ಕೆ ಸುಮಾರು 12 ಪಾಲು ಮಾತ್ರ ಅನಿಶ್ಚಯವಿರುವ ಎರಡು ಉತ್ತರಗಳನ್ನು ಪಡೆದರು: 6.674184 ಮತ್ತು 6.674484. ಅವುಗಳ ಅಂತರವೇ ಹತ್ತು ಲಕ್ಷಕ್ಕೆ 45 ಪಾಲು!

ಬೇರೆ ಬಲಗಳಂತೆ ಗುರುತ್ವವನ್ನು ತಡೆಯುವ ಗೋಡೆಯಿಲ್ಲ ಎಂಬುದೇ ಇದರ ಮೂಲ ತೊಡಕು. ವಿದ್ಯುತ್ತನ್ನು ಲೋಹದ ಪೆಟ್ಟಿಗೆಯು ತಡೆಯುತ್ತದೆ. ಗುರುತ್ವಕ್ಕೆ ಅಂಥ ಪೆಟ್ಟಿಗೆಯಿಲ್ಲ. ಹತ್ತಿರ ನಿಂತ ಮನುಷ್ಯನೂ ತಕ್ಕಡಿಯನ್ನು ಸೆಳೆಯುತ್ತಾನೆ. ಮಳೆಗಾಲದಲ್ಲಿ ಸುತ್ತಣ ನೆಲ ನೀರು ಕುಡಿದು ಭಾರವಾದರೆ ಅದೂ ಸೆಳೆಯುತ್ತದೆ.

ಇದರಿಂದ ನಮಗೇನು?

ಉಪಗ್ರಹಗಳಿಗೆ ಇದರಿಂದ ತೊಂದರೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಹಾಸನದ ನಿಯಂತ್ರಣ ಕೇಂದ್ರದವರಿಗೂ ಬ್ಯಾಲಾಳಿನ ದೊಡ್ಡ ಆಂಟೆನಾಗಳಿಂದ ದೂರದ ನೌಕೆಗಳ ಜಾಡು ಹಿಡಿಯುವವರಿಗೂ ಬೇಕಾಗುವುದು ಸ್ಥಿರಾಂಕವಲ್ಲ, ಸ್ಥಿರಾಂಕ ಮತ್ತು ಭೂಮಿಯ ದ್ರವ್ಯರಾಶಿಗಳ ಗುಣಲಬ್ಧ. ಉಪಗ್ರಹಗಳ ಚಲನೆಯಿಂದಲೇ ಆ ಗುಣಲಬ್ಧವು ನೂರು ಕೋಟಿಗೆ ಸುಮಾರು ಎರಡು ಪಾಲಿನ ನಿಖರತೆಯಿಂದ ತಿಳಿದಿದೆ. ಗುಣಲಬ್ಧವನ್ನು ಬಿಡಿಸಿ ದ್ರವ್ಯರಾಶಿಯೊಂದನ್ನೇ ಹೇಳಬೇಕೆಂದಾಗ ಸ್ಥಿರಾಂಕದ ಅನಿಶ್ಚಯವೆಲ್ಲ ಭೂಮಿಯ ಮೇಲೆ ಬಂದು ಕೂರುತ್ತದೆ. ಭೂಮಿಯ ದ್ರವ್ಯರಾಶಿ 5.97 × 10²⁴ ಕಿಲೋಗ್ರಾಮ್. ಅದರಲ್ಲಿ ಹತ್ತು ಲಕ್ಷಕ್ಕೆ 22 ಪಾಲೆಂದರೆ ಸುಮಾರು 1.3 × 10²⁰ ಕಿಲೋಗ್ರಾಮ್. ನಮ್ಮ ಕರಾವಳಿಯಿಂದ ಅರಬಸ್ಥಾನದವರೆಗೆ ಹಬ್ಬಿರುವ ಅರಬ್ಬೀ ಸಮುದ್ರದ ನೀರನ್ನೆಲ್ಲ ಒಟ್ಟುಗೂಡಿಸಿದರೂ ಇದರ ಹತ್ತನೆಯ ಒಂದು ಪಾಲಿನಷ್ಟಾಗುತ್ತದೆ. ನಾವು ಕಾಲಿಟ್ಟು ನಿಂತ ಭೂಮಿಯ ತೂಕದಲ್ಲಿ ಹತ್ತು ಅರಬ್ಬೀ ಸಮುದ್ರಗಳಷ್ಟು ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ!

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಒಂದು ಮೀಟರು ಉದ್ದದ ದಾರಕ್ಕೆ ಸಣ್ಣ ಕಲ್ಲನ್ನು ಕಟ್ಟಿ ಮೆಲ್ಲಗೆ ತೂಗಾಡಿಸಿದರೆ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ಅದರಿಂದ ಚಿಕ್ಕ ಜಿಯನ್ನು ಪಡೆಯಿರಿ. ಅದನ್ನು ಭೂಮಿಯ ತ್ರಿಜ್ಯವಾದ 63,71,000 ಮೀಟರಿನ ವರ್ಗದಿಂದ ಗುಣಿಸಿ, 6.674 × 10⁻¹¹ರಿಂದ ಭಾಗಿಸಿದರೆ ಭೂಮಿಯ ದ್ರವ್ಯರಾಶಿಯು ನಿಮ್ಮ ಪುಸ್ತಕದ ಪುಟದ ಮೇಲೆಯೇ ಬಂದು ನಿಲ್ಲುತ್ತದೆ. ಮೊದಲನೆಯ ಅಂಕಿಯನ್ನು ನೀವೇ ಅಳೆದಿರಿ. ಎರಡನೆಯದು ಭೂಮಾಪಕರ ನಡಿಗೆಯಿಂದ ಬಂದುದು. ಮೂರನೆಯದನ್ನು ಮಾತ್ರ ಮುಚ್ಚಿದ ಬಾಗಿಲಿನ ಹೊರಗೆ ಉಸಿರು ಹಿಡಿದು ಕಾದವರು ಕೊಟ್ಟರು. ಅದರ ಮುಂದಿನ ಅಂಕಿಗಳು ಇನ್ನೂ ಯಾರದೋ ತಾಳ್ಮೆಗಾಗಿ ಕಾದಿವೆ.